ತಂಗಿಯ ಇಂಜಿನಿಯರಿಂಗ್ ಫೀಸು: ಕಾಗದ ಹಿಡಿದು ಓಡಾಡಿದ ಒಂದು ವರ್ಷ

ನನ್ನ ತಂಗಿ ಹುಬ್ಬಳ್ಳಿಯ ಒಂದು ಖಾಸಗಿ ಕಾಲೇಜಿನಲ್ಲಿ ಬಿಇ ಮೊದಲ ವರ್ಷ ಮುಗಿಸುತ್ತಿದ್ದಾಳೆ. ಅವಳ ಸ್ಕಾಲರ್‌ಶಿಪ್ ದುಡ್ಡು ಮೊನ್ನೆ ಮೊನ್ನೆ ಕೈಗೆ ಬಂತು. ಮನೆಯಲ್ಲಿ ಎಲ್ಲರೂ ಉಸಿರು ಬಿಟ್ಟೆವು. ಈ ಸಲ ಮಕ್ಕಳನ್ನು ಕಾಲೇಜಿಗೆ ಸೇರಿಸುವ ಮನೆಗಳಲ್ಲಿ ಇದೇ ತಲೆನೋವು ಶುರುವಾಗಿರುತ್ತದೆ ಅಂತ ಗೊತ್ತು. ಅದಕ್ಕೇ ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಸಹಾಯಧನ ನಿಜವಾಗಿಯೂ ಇದೆ, ನಮ್ಮಂಥವರಿಗೂ ಸಿಗುತ್ತದೆ. ಆದರೆ ಫೀಸು ಕಟ್ಟುವ ದಿನಕ್ಕೆ ಅದು ಬರುವುದಿಲ್ಲ. ಸೇರುವ ದಿನದ ದುಡ್ಡು ಬೇರೆ, ಆಮೇಲೆ ಬರುವ ದುಡ್ಡು ಬೇರೆ. ಇದು ಜೂನ್ ತಿಂಗಳಲ್ಲೇ ಯಾರಾದರೂ ನಮಗೆ ಹೇಳಿದ್ದರೆ ಅರ್ಧ ಸಂಕಟ ಕಡಿಮೆಯಾಗುತ್ತಿತ್ತು.

ನಮ್ಮದು ಗದಗ ತಾಲೂಕಿನ ಒಂದು ಹಳ್ಳಿ. ಮಳೆ ನಂಬಿದ ಎರೆಹೊಲ. ಹೆಸರು, ಶೇಂಗಾ, ಹಿಂಗಾರಿಗೆ ಕಡಲೆ. ನಾನು ಬಿಕಾಂ ಮುಗಿಸಿ ಹುಬ್ಬಳ್ಳಿಯಲ್ಲಿ ಒಂದು ಅಂಗಡಿಯ ಲೆಕ್ಕ ಬರೆಯುತ್ತೇನೆ. 2025ರ ಮೇ 24ಕ್ಕೆ ಸಿಇಟಿ ರಿಸಲ್ಟ್ ಬಂತು. ರ‍್ಯಾಂಕ್ ನೋಡಿ ತಂಗಿ ಕುಣಿದಾಡಿದಳು. ಅಪ್ಪ ಮಾತ್ರ ಒಂದೇ ಪ್ರಶ್ನೆ ಕೇಳಿದರು: "ವರ್ಷಕ್ಕೆ ಎಷ್ಟಾಕ್ಕೈತಿ?" ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟಿಗೆ ಎಂಬತ್ತು ಸಾವಿರದ ಆಸುಪಾಸು. ಹಾಸ್ಟೆಲ್, ಪುಸ್ತಕ, ಊಟ ಬೇರೆ. ಅಪ್ಪ ಏನೂ ಮಾತಾಡದೆ ಎದ್ದು ಹೊಲಕ್ಕೆ ಹೋದರು.

ಮೊದಲು ಹಿಡಿದದ್ದು ಕಾಸ್ಟ್-ಇನ್‌ಕಮ್ ಸರ್ಟಿಫಿಕೇಟ್. ನಮ್ಮದು ಹಿಂದುಳಿದ ವರ್ಗಗಳ ಪ್ರವರ್ಗ 2ಎ. ಜಾತಿ ಪ್ರಮಾಣಪತ್ರ ಮೊದಲಿನದೇ ಇತ್ತು. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಮಾತ್ರ ಆಯುಷ್ಯ, ನಮ್ಮದು ಮುಗಿದಿತ್ತು. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಅದು ತಲಾಟಿಯವರ ಹತ್ತಿರ ಹೋಗುತ್ತದೆ. ಈಗ ಅವರನ್ನು ಗ್ರಾಮ ಆಡಳಿತ ಅಧಿಕಾರಿ ಅನ್ನುತ್ತಾರೆ. ಅವರ ವರದಿ ಆದಮೇಲೆ ಕಂದಾಯ ನಿರೀಕ್ಷಕರು, ಆಮೇಲೆ ಸಹಿ. ಸಿಇಟಿ ರಿಸಲ್ಟ್ ಬಂದ ಹೊತ್ತಿಗೆ ಇಡೀ ತಾಲೂಕಿನ ಮಕ್ಕಳು ಅದೇ ಸಾಲಿನಲ್ಲಿರುತ್ತಾರೆ. ಸರ್ವರ್ ನಿಂತರೆ ಆ ದಿನ ಹೋಯಿತು. ಪಿಯುಸಿ ಪರೀಕ್ಷೆ ಮುಗಿದ ವಾರವೇ, ಅಂದರೆ ಮಾರ್ಚ್ ಕೊನೆಗೇ ಅರ್ಜಿ ಹಾಕಿ. ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಅದರ ಮೇಲಿರುವ ಆರ್‌ಡಿ ನಂಬರ್ ಬರೆದಿಟ್ಟುಕೊಳ್ಳಿ. ಮುಂದೆ ಎಲ್ಲ ಕಡೆ ಕೇಳುವುದು ಆ ನಂಬರನ್ನೇ.

ಆ ಪತ್ರದಲ್ಲಿ ಬರುವ ಆದಾಯದ ಅಂಕಿ ಬಹಳ ಮುಖ್ಯ. ಒಂದೊಂದು ಯೋಜನೆಗೆ ಒಂದೊಂದು ಮಿತಿ. ರಾಜ್ಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿವೇತನದ ಮಿತಿ ಪ್ರವರ್ಗದ ಮೇಲೆ ಹೋಗುತ್ತದೆ, ಕೆಳಮಟ್ಟದಲ್ಲೇ ಇರುತ್ತದೆ. ಕೇಂದ್ರದ ಕೆಲವು ಯೋಜನೆಗಳಿಗೆ ನಾಲ್ಕೂವರೆ ಲಕ್ಷ, ಕೆಲವಕ್ಕೆ ಎಂಟು ಲಕ್ಷದವರೆಗೂ ಇದೆ. "ನಮಗೆ ಬರೂದಿಲ್ಲ ಬಿಡು" ಅಂತ ಒಂದೇ ಮಿತಿ ನೋಡಿ ಕೂತವರನ್ನು ಬಹಳ ಜನರನ್ನು ನೋಡಿದೆ. ದಯವಿಟ್ಟು ಹಾಗೆ ಕೂರಬೇಡಿ.

ಸಿಇಟಿ ಅರ್ಜಿಯಲ್ಲೇ ಮೂರು ವಿಷಯ ಗಟ್ಟಿ ಮಾಡಿಕೊಳ್ಳಬೇಕು. ಗ್ರಾಮೀಣ ಮೀಸಲಾತಿ ಮತ್ತು ಕನ್ನಡ ಮಾಧ್ಯಮ ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗಿನ ಓದಿನ ಪತ್ರ ಬೇಕು. ಶಾಲೆಯ ಹೆಡ್‌ಮಾಸ್ತರು ಸಹಿ ಮಾಡಿ, ಬಿಇಒ ಕಚೇರಿಯಿಂದ ಮೇಲುಸಹಿ ಆಗಬೇಕು. ಬೇಸಿಗೆ ರಜೆಯಲ್ಲಿ ಹೆಡ್‌ಮಾಸ್ತರು ಸಿಗುವುದೇ ಕಷ್ಟ. ನಮ್ಮ ಮಾಸ್ತರು ತಮ್ಮ ಊರಿಂದ ಬಂದು ಸಹಿ ಹಾಕಿಕೊಟ್ಟರು, ಅವರ ಋಣ ದೊಡ್ಡದು. ಮೂರನೆಯದು ಎಸ್‌ಎನ್‌ಕ್ಯೂ, ಸೂಪರ್‌ನ್ಯೂಮರರಿ ಕೋಟಾ. ಕಾಲೇಜುಗಳಲ್ಲಿ ಶೇ. 5ರಷ್ಟು ಹೆಚ್ಚುವರಿ ಸೀಟು ಕಡಿಮೆ ಆದಾಯದವರಿಗೆ ಇಟ್ಟಿರುತ್ತಾರೆ. ಮನೆಯ ಆದಾಯ ಎಂಟು ಲಕ್ಷದೊಳಗೆ ಇರಬೇಕು. ಅದರಲ್ಲಿ ಸೀಟು ಸಿಕ್ಕರೆ ಬೋಧನಾ ಶುಲ್ಕವೇ ಇಲ್ಲ. ತಂಗಿ ಆ ಕೋಟಾ ಕೇಳಿದ್ದಳು, ಆದರೆ ಬಯಸಿದ ಬ್ರಾಂಚಿಗೆ ರ‍್ಯಾಂಕ್ ಮುಟ್ಟಲಿಲ್ಲ. ಕೇಳುವುದರಿಂದ ನಷ್ಟವಿಲ್ಲ. ಕೇಳದಿದ್ದರೆ ಮಾತ್ರ ಆಮೇಲೆ ಸೇರಿಸಿಕೊಳ್ಳುವುದಿಲ್ಲ.

ಇಲ್ಲಿ ಗದಗ ಕಡೆಯವರಿಗೆ ಇನ್ನೊಂದು ವಿಷಯ. ಪಕ್ಕದ ಕೊಪ್ಪಳ ಜಿಲ್ಲೆಯ ಬೀಗರು "371ಜೆ ಹಾಕಿಸ್ರಿ" ಅಂತ ಪ್ರೀತಿಯಿಂದ ಹೇಳುತ್ತಾರೆ. ಅದು ಸಂವಿಧಾನದ 371ಜೆ ವಿಧಿಯ ಮೀಸಲಾತಿ, ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಮಾತ್ರ. ಗದಗ, ಧಾರವಾಡ, ಹಾವೇರಿ ಅದರಲ್ಲಿ ಬರುವುದಿಲ್ಲ. ಅದಕ್ಕಾಗಿ ಓಡಾಡಬೇಡಿ.

ಆಗಸ್ಟ್‌ನಲ್ಲಿ ಸೀಟು ಗಟ್ಟಿಯಾಯಿತು. ಫೀಸು ಕಟ್ಟಲು ಕೊಡುವ ಗಡುವು ಬಹಳ ಸಣ್ಣದು. ಹೊಲದಲ್ಲಿ ಹೆಸರು ಇನ್ನೂ ಬಿಡಿಸಿರಲಿಲ್ಲ. ಬಿಡಿಸಿ, ಒಣಗಿಸಿ, ಗದಗ ಎಪಿಎಂಸಿಗೆ ಒಯ್ದು ದುಡ್ಡು ಎಣಿಸುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ನಮ್ಮ ಭಾಗದ ಒಕ್ಕಲು ಮನೆಗಳಲ್ಲಿ ವರ್ಷದಲ್ಲಿ ಕೈ ಪೂರ್ತಿ ಖಾಲಿ ಇರುವುದು ಇದೇ ಹೊತ್ತಿನಲ್ಲಿ, ಅಲ್ವಾ?

ಬ್ಯಾಂಕಿಗೆ ಹೋದೆವು. ಹುಬ್ಬಳ್ಳಿಯ ಒಂದು ಶಾಖೆಯಲ್ಲಿ, "ನಿಮ್ಮ ಊರು ನಮ್ಮ ಸರ್ವಿಸ್ ಏರಿಯಾ ಅಲ್ರಿ, ನಿಮ್ಮೂರ ಹತ್ರ ಕೇಳ್ರಿ" ಅಂದರು. ಊರ ಹತ್ತಿರದ ಶಾಖೆಯಲ್ಲಿ, "ಕಾಲೇಜು ಹುಬ್ಬಳ್ಳ್ಯಾಗ ಐತಲ್ಲ, ಅಲ್ಲೇ ಕೇಳ್ರಿ" ಅಂದರು. ಅಪ್ಪ ಟೋಪಿ ಕೈಯಲ್ಲಿ ಹಿಡಿದು ನಿಂತೇ ಇದ್ದರು. ಯಾರೂ ಕೂತ್ಕೊಳ್ರಿ ಅನ್ನಲಿಲ್ಲ. ಆ ಸಂಜೆ ತಂಗಿ, "ಅಕ್ಕಾ, ನಾ ಗದಗಿನ್ಯಾಗ ಬಿಎಸ್ಸಿ ಮಾಡ್ತೀನಿ ಬಿಡು" ಅಂದಳು. ಅವಳು ಅಳಲಿಲ್ಲ. ಅಳದೇ ಹೇಳಿದ್ದಕ್ಕೆ ನನಗೆ ಇನ್ನೂ ಜಾಸ್ತಿ ನೋವಾಯಿತು.

ಅವ್ವ ಪೆಟ್ಟಿಗೆ ತೆಗೆದು ಬೋರಮಾಳ ಕೊಟ್ಟಳು. ಬಂಗಾರದ ಸಾಲ ಒಂದೇ ದಿನದಲ್ಲಿ ಆಯಿತು. ಅದಕ್ಕೆ ನನ್ನ ಉಳಿತಾಯ ಸೇರಿಸಿ ಫೀಸು ಕಟ್ಟಿದೆವು. ಸೇರುವ ದಿನದ ದುಡ್ಡು ಅಂತ ನಾನು ಹೇಳಿದ್ದು ಇದನ್ನೇ. ಯಾವ ಸ್ಕಾಲರ್‌ಶಿಪ್ಪೂ ಈ ಜಾಗ ತುಂಬುವುದಿಲ್ಲ. ಮೇ ತಿಂಗಳಲ್ಲೇ ಮನೆಯವರು ಕೂತು ಮಾತಾಡಿ, ಈ ಮೊತ್ತ ಎಲ್ಲಿಂದ ಅಂತ ತೀರ್ಮಾನಿಸಿಕೊಳ್ಳಿ.

ಶಿಕ್ಷಣ ಸಾಲದ ಬಗ್ಗೆ ತಿಳಿದದ್ದು ಇಷ್ಟು. ನಾಲ್ಕು ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಒತ್ತೆ ಬೇಡ, ತಂದೆ ಅಥವಾ ತಾಯಿ ಜೊತೆ ಸಾಲಗಾರರಾಗಿ ಸಹಿ ಹಾಕಿದರೆ ಸಾಕು. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಆದಾಯ ನಾಲ್ಕೂವರೆ ಲಕ್ಷದೊಳಗೆ ಇದ್ದು, ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇದ್ದರೆ, ಆ ಅವಧಿಯ ಬಡ್ಡಿಗೆ ಕೇಂದ್ರದ ಸಬ್ಸಿಡಿ ಇದೆ. ಅದನ್ನು ಬ್ಯಾಂಕಿನವರು ತಾವಾಗಿ ಹೇಳಲಿಲ್ಲ, ನಾವೇ ಕೇಳಬೇಕಾಯಿತು. 2024ರ ನವೆಂಬರ್‌ನಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಪಟ್ಟಿಯಲ್ಲಿರುವ ಕಾಲೇಜುಗಳಿಗೆ ಮಾತ್ರ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯಾ ಅಂತ ಮೊದಲು ನೋಡಿ, ನಮ್ಮದು ಇರಲಿಲ್ಲ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ಅರಿವು ಸಾಲವೂ ಇದೆ. ವರ್ಷಕ್ಕೆ ಒಂದು ಲಕ್ಷದವರೆಗೆ, ಬಡ್ಡಿ ಶೇ. 2. ಅಲ್ಪಸಂಖ್ಯಾತರಿಗೆ ಅವರದೇ ನಿಗಮದಲ್ಲಿ ಇದೇ ಹೆಸರಿನ ಸಾಲ ಸಿಗುತ್ತದೆ.

ಬ್ಯಾಂಕಿನಲ್ಲಿ ಬಾಯಿಮಾತಿನಲ್ಲಿ ಕೇಳಿದರೆ ಬಾಯಿಮಾತಿನಲ್ಲೇ ಕಳಿಸುತ್ತಾರೆ. ಶಿಕ್ಷಣ ಸಾಲದ ಅರ್ಜಿಗಳಿಗೆ ಇರುವ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಅದರ ಪ್ರಿಂಟ್ ಹಿಡಿದು ಹೋದಮೇಲೆ ನಮ್ಮ ಜೊತೆ ಮಾತಾಡುವ ಧಾಟಿಯೇ ಬದಲಾಯಿತು. ಊರ ಹತ್ತಿರದ ಶಾಖೆಗೆ ಹೊಸದಾಗಿ ಬಂದ ಮ್ಯಾನೇಜರ್ ಒಬ್ಬ ಹೆಣ್ಣುಮಗಳು. ಅಪ್ಪನನ್ನು ಕೂರಿಸಿ, ನೀರು ಕೊಟ್ಟು, ಕಾಗದ ಒಂದೊಂದಾಗಿ ನೋಡಿದರು. ಸಾಲ ಮಂಜೂರಾದದ್ದು ದೀಪಾವಳಿ ಕಳೆದ ಮೇಲೆ. ಆಗಲೇ ಕಟ್ಟಿದ ಫೀಸನ್ನೂ ಸೇರಿಸಿಕೊಳ್ಳಿ ಅಂತ ಅರ್ಜಿಯಲ್ಲೇ ಬರೆದಿದ್ದೆವು, ರಶೀದಿಯ ಮೂಲಪ್ರತಿ ಇತ್ತು. ಅದನ್ನು ಅವರು ಒಪ್ಪಿಕೊಂಡರು. ಬೋರಮಾಳ ಮನೆಗೆ ಬಂತು. ಹಾಗಾಗಿ ಒಂದು ರಶೀದಿಯನ್ನೂ ಕಳೆಯಬೇಡಿ.

ಈಗ ಸ್ಕಾಲರ್‌ಶಿಪ್ ಕಡೆಗೆ ಬರುತ್ತೇನೆ. ಎರಡು ಬಾಗಿಲು. ಒಂದು ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್. ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆ ಎಲ್ಲವೂ ಅಲ್ಲೇ. ಶುಲ್ಕ ವಿನಾಯಿತಿ, ಹಾಸ್ಟೆಲ್ ಸಿಗದವರಿಗೆ ಕೊಡುವ ವಿದ್ಯಾಸಿರಿ ಕೂಡ ಅಲ್ಲೇ. ಇನ್ನೊಂದು ಕೇಂದ್ರದ ಎನ್‌ಎಸ್‌ಪಿ ಪೋರ್ಟಲ್. ಪದವಿಗೆ ವರ್ಷಕ್ಕೆ 12,000 ಕೊಡುವ ಕೇಂದ್ರ ವಲಯದ ವಿದ್ಯಾರ್ಥಿವೇತನ ಅಲ್ಲಿದೆ, ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದವರಿಗೆ. ತಾಂತ್ರಿಕ ಕೋರ್ಸ್ ಸೇರಿದ ಹುಡುಗಿಯರಿಗೆ ಎಐಸಿಟಿಇಯ, ಅಂದರೆ ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿಯ, ಪ್ರಗತಿ ವಿದ್ಯಾರ್ಥಿವೇತನ ಇದೆ. ವರ್ಷಕ್ಕೆ 50,000 ರೂಪಾಯಿ. ಆದಾಯ ಎಂಟು ಲಕ್ಷದೊಳಗೆ, ಒಂದು ಮನೆಯಿಂದ ಹೆಚ್ಚೆಂದರೆ ಇಬ್ಬರು ಹುಡುಗಿಯರು. ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು. ಡಿಪ್ಲೊಮಾದಿಂದ ನೇರ ಎರಡನೇ ವರ್ಷಕ್ಕೆ ಬಂದವರೂ ಹಾಕಬಹುದು. ಹೆಣ್ಣುಮಕ್ಕಳನ್ನು ಇಂಜಿನಿಯರಿಂಗ್‌ಗೆ ಸೇರಿಸಿದ ನಮ್ಮ ಭಾಗದ ಎಷ್ಟೋ ತಂದೆತಾಯಿಗಳಿಗೆ ಈ ಹೆಸರೇ ಗೊತ್ತಿಲ್ಲ. ಅದು ನನಗೆ ಬಹಳ ಬೇಜಾರಿನ ಸಂಗತಿ.

ಅರ್ಜಿ ತುಂಬಲು ಕೂತಾಗ ಹೆಸರಿನ ಗಂಟು ಬಿತ್ತು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ತಂಗಿಯ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಇವೆ. ಆಧಾರಿನಲ್ಲಿ ಅವಳ ಹೆಸರಿನ ಮುಂದೆ ಬರೀ ಒಂದು ಇನಿಷಿಯಲ್. ನಮ್ಮ ಕಡೆ ಇದು ಮನೆಮನೆಯ ಕಥೆ. ಇಂಥ ಹೊತ್ತಲ್ಲಿ ಅಂಕಪಟ್ಟಿ ಮುಟ್ಟಬೇಡಿ, ಅದನ್ನು ತಿದ್ದಿಸುವುದು ದೊಡ್ಡ ಕೆಲಸ. ಆಧಾರನ್ನು ಅಂಕಪಟ್ಟಿಗೆ ಹೊಂದಿಸಿ. ಆದರೆ ಆಧಾರಿನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಒಂದೊಂದು ಅಕ್ಷರವನ್ನೂ ಕೇಂದ್ರದಲ್ಲೇ ನಿಂತು ಓದಿ ನೋಡಿ. ಅಪ್ಪನ ಆಧಾರಿಗೆ ಜೋಡಿಸಿದ್ದ ಫೋನ್ ನಂಬರ್ ಯಾವಾಗಲೋ ಬಂದ್ ಆಗಿತ್ತು, ಒಟಿಪಿ ಬರುತ್ತಿರಲಿಲ್ಲ. ಎಸ್‌ಎಸ್‌ಪಿಯಲ್ಲಿ ತಂದೆ ತಾಯಿಯ ಆಧಾರ್ ಕೂಡ ಕೇಳುತ್ತಾರೆ. ಹೀಗಾಗಿ ಅದನ್ನೂ ಸರಿ ಮಾಡಿಸಿದೆವು. ಇಂಥ ತಿದ್ದುಪಡಿಗೆ ಮೊದಲು 50 ರೂಪಾಯಿ ಇತ್ತು, 2025ರ ಅಕ್ಟೋಬರ್‌ನಿಂದ 75. ದುಡ್ಡಿಗಿಂತ ಅಪ್ಪನ ಒಂದು ದಿನದ ಕೆಲಸ ಹೋಗುತ್ತದೆ, ಭಾರವಾಗುವುದು ಅದೇ.

ಎನ್‌ಎಸ್‌ಪಿಯಲ್ಲಿ ಮೊದಲು ಒಟಿಆರ್ ಅಂತ ಒಂದು ನೋಂದಣಿ ಮಾಡಿಸಿಕೊಳ್ಳಬೇಕು. ಫೋನಿನ ಕ್ಯಾಮೆರಾಕ್ಕೆ ಮುಖ ತೋರಿಸಿ ದೃಢಪಡಿಸಬೇಕು. ನೆಟ್‌ವರ್ಕ್ ಚೆನ್ನಾಗಿರುವ ಕಡೆ, ಹಗಲು ಬೆಳಕಲ್ಲಿ ಮಾಡಿ. ಎಸ್‌ಎಸ್‌ಪಿಗೆ ಕಾಗದಪತ್ರಗಳ ಇ-ದೃಢೀಕರಣ ಆಗಬೇಕು. ಅದನ್ನು ಮಾಡುವ ಅಧಿಕಾರಿ ಕಾಲೇಜಿನಲ್ಲೇ ಇರುತ್ತಾರೆ. ಆದರೆ ಅವರು ಪಾಠ ಮಾಡುವ ಮೇಷ್ಟ್ರೂ ಹೌದು, ನೂರಾರು ಮಕ್ಕಳ ಅರ್ಜಿ ಅವರೊಬ್ಬರ ಮೇಲೆ ಬಿದ್ದಿರುತ್ತದೆ. ತಂಗಿಯ ಅರ್ಜಿ ಕಾಲೇಜಿನ ಹಂತದಲ್ಲೇ ಬಹಳ ದಿನ ಕೂತಿತ್ತು. ನಾವು ಹಾಕಿ ಆಯಿತು ಅಂದುಕೊಂಡರೆ ಅದು ಕಾಲೇಜಿನವರ ಒಂದು ಕ್ಲಿಕ್ಕಿಗಾಗಿ ಕಾಯುತ್ತಿರುತ್ತದೆ. ವಾರಕ್ಕೊಮ್ಮೆ ಸ್ಟೇಟಸ್ ನೋಡಿ. ಕಾಲೇಜಿನ ಪರಿಶೀಲನೆಗೂ ಕೊನೆಯ ದಿನಾಂಕ ಇರುತ್ತದೆ, ಅದು ವಿದ್ಯಾರ್ಥಿಯ ಕೊನೆಯ ದಿನಾಂಕಕ್ಕಿಂತ ಬೇರೆ. ಮರ್ಯಾದೆಯಿಂದ, ಆದರೆ ಬಿಡದೆ ಕೇಳಿ. ಕೊನೆಗೆ ತಂಗಿ ತನ್ನಂತೆ ಕಾಯುತ್ತಿದ್ದ ಹುಡುಗಿಯರನ್ನೆಲ್ಲ ಸೇರಿಸಿ, ಹೆಸರು ಮತ್ತು ಅರ್ಜಿ ಸಂಖ್ಯೆಯ ಒಂದು ಪಟ್ಟಿ ಮಾಡಿ ಕೊಟ್ಟಳು. ಎಲ್ಲರದ್ದೂ ಒಟ್ಟಿಗೇ ಮುಂದೆ ಹೋಯಿತು. ನನಗೆ ಅವಳ ಮೇಲೆ ಹೆಮ್ಮೆ ಅನಿಸಿದ ದಿನ ಅದು.

ರಾಜ್ಯದ ಶುಲ್ಕ ವಿನಾಯಿತಿ, ಪ್ರಗತಿ ಎರಡನ್ನೂ ತಗೊಳ್ಳಬಹುದಾ ಅನ್ನುವ ಗೊಂದಲ ನಮ್ಮನ್ನು ಬಹಳ ಕಾಡಿತು. ಒಬ್ಬೊಬ್ಬರು ಒಂದೊಂದು ಹೇಳಿದರು. ಕಾಲೇಜಿನ ಸ್ಕಾಲರ್‌ಶಿಪ್ ಗುಮಾಸ್ತರು ಬಿಡಿಸಿ ಹೇಳಿದ್ದು ಹೀಗೆ: ಒಂದೇ ವರ್ಷಕ್ಕೆ ಸರ್ಕಾರದ ಎರಡು ವಿದ್ಯಾರ್ಥಿವೇತನ ತಗೊಳ್ಳುವಂತಿಲ್ಲ. ಪ್ರಗತಿ ಮಂಜೂರಾದರೆ ಇನ್ನೊಂದನ್ನು ಬಿಟ್ಟುಕೊಡುತ್ತೇನೆ ಅಂತ ಬರೆದುಕೊಡಬೇಕು. ನಾವು ಹಾಗೇ ಮಾಡಿದೆವು. ಪ್ರಗತಿಯ ಆಯ್ಕೆ ಪಿಯುಸಿ ಅಂಕದ ಮೇಲೆ ನಡೆಯುತ್ತದೆ. ತಂಗಿಯ ಅಂಕ ಚೆನ್ನಾಗಿತ್ತು, ಅದೇ ಧೈರ್ಯ.

ರೈತ ವಿದ್ಯಾನಿಧಿ ಮಾತ್ರ ಕೈಗೆ ಸಿಗಲಿಲ್ಲ. 2021ರಲ್ಲಿ ಶುರುವಾದ ಯೋಜನೆ. ರೈತರ ಮಕ್ಕಳಿಗೆ ಬಿಇ ಓದಲು ಹುಡುಗರಿಗೆ 10,000, ಹುಡುಗಿಯರಿಗೆ 11,000. ಅದಕ್ಕೆ ಅಪ್ಪನ ಹೆಸರಲ್ಲಿ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ ಬೇಕು. ಫ್ರೂಟ್ಸ್ ಐಡಿಗೆ ಅಪ್ಪನ ಹೆಸರಲ್ಲಿ ಉತಾರ, ಅಂದರೆ ಪಹಣಿ ಬೇಕು. ನಮ್ಮ ಹೊಲದ ಉತಾರ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದೆ! ವಾರಸಾ, ಅಂದರೆ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸಬೇಕೆಂದರೆ ಅಪ್ಪನ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರ ಒಪ್ಪಿಗೆ ಬೇಕು. ಒಬ್ಬ ಕಾಕಾ ಗೋವಾದಲ್ಲಿ ದುಡಿಯುತ್ತಾರೆ, ಅತ್ತೆಯೊಬ್ಬರು ರಾಣೇಬೆನ್ನೂರಿನಲ್ಲಿ ಇದ್ದಾರೆ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿಲ್ಲ, ಆದರೆ ಎಲ್ಲರೂ ಒಂದೇ ದಿನ ಸೇರುವುದು ಆಗಲಿಲ್ಲ. ಮಕ್ಕಳು ಹೈಸ್ಕೂಲಿನಲ್ಲಿ ಇರುವಾಗಲೇ ಉತಾರ ಯಾರ ಹೆಸರಲ್ಲಿದೆ ಅಂತ ನೋಡಿಕೊಳ್ಳಿ. ಬೆಳೆ ಪರಿಹಾರಕ್ಕೂ ಇದೇ ಬೇಕಾಗುತ್ತದೆ.

ಖರ್ಚು ಉಳಿಸಿದ್ದರಲ್ಲಿ ಬಸ್ಸಿನದು ದೊಡ್ಡ ಪಾಲು. ಹಾಸ್ಟೆಲ್‌ಗೆ ಅರ್ಜಿ ಹಾಕಿ ಕಾಯುತ್ತಿದ್ದ ತಿಂಗಳುಗಳಲ್ಲಿ ತಂಗಿ ಊರಿಂದ ಗದಗಿಗೆ, ಅಲ್ಲಿಂದ ಹುಬ್ಬಳ್ಳಿಗೆ ಓಡಾಡಿದಳು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಟಿಕೆಟಿಗೆ ದುಡ್ಡಿರಲಿಲ್ಲ. ಬೆಳಿಗ್ಗೆ ಕತ್ತಲಲ್ಲಿ ಎದ್ದು, ಅವ್ವ ಕಟ್ಟಿಕೊಟ್ಟ ರೊಟ್ಟಿ ಹಿಡಿದು ಹೋದರೆ ಬರುವಾಗ ದೀಪ ಹಚ್ಚಿದ ಹೊತ್ತು. ಬಸ್ಸು ತುಂಬಿರುತ್ತಿತ್ತು, ನಿಂತೇ ಹೋಗುತ್ತಿದ್ದಳು. ಆಮೇಲೆ ಸರ್ಕಾರಿ ಹಾಸ್ಟೆಲ್‌ನಲ್ಲಿ ಜಾಗ ಸಿಕ್ಕಿತು. ಅರ್ಜಿ ಹಾಕಿಯೂ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು ದುಡ್ಡು ಕೊಡುತ್ತಾರೆ. ಹಾಗಾಗಿ ಹಾಸ್ಟೆಲ್ ಬೇಡ ಅನಿಸಿದರೂ ಆ ಅರ್ಜಿ ಬಿಡಬೇಡಿ. ಗಂಡುಮಕ್ಕಳಿಗೆ ಮಠಗಳ ಪ್ರಸಾದ ನಿಲಯಗಳನ್ನು ವಿಚಾರಿಸಿ. ಧಾರವಾಡದ ಮುರುಘಾಮಠದಲ್ಲಿ ಉಂಡು ಓದಿ ನೌಕರಿ ಹಿಡಿದವರು ನಮ್ಮ ಊರಲ್ಲೇ ಇದ್ದಾರೆ.

ಖಾಸಗಿ ಸಂಸ್ಥೆಗಳ ನೆರವಿನಲ್ಲಿ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ಕೊಡುತ್ತದೆ. ಹತ್ತನೇ ತರಗತಿ, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿರಬೇಕು. ತಂಗಿಯ ಹೈಸ್ಕೂಲು ಅನುದಾನಿತ, ಆದ್ದರಿಂದ ಅವಳಿಗೆ ಬರಲಿಲ್ಲ. ಅವಳ ಗೆಳತಿಗೆ ಬಂತು. ಪಿಯುಸಿ ಹಂತದಲ್ಲೇ ನೆರವು ಬೇಕಾದವರು ವಿದ್ಯಾಧನ್ ನೋಡಬಹುದು. ಇಂಥ ಯಾವುದಕ್ಕೂ ಅರ್ಜಿ ಶುಲ್ಕ ಇಲ್ಲ. ನಮಗೆ ಒಬ್ಬ ಫೋನ್ ಮಾಡಿ, "ನಿಮ್ಮ ಮಗಳಿಗೆ ಸ್ಕಾಲರ್‌ಶಿಪ್ ಪಾಸ್ ಆಗೇತಿ, ಒಟಿಪಿ ಹೇಳ್ರಿ" ಅಂದ. ಇನ್ನೊಬ್ಬ ಹತ್ತು ಪರ್ಸೆಂಟ್ ಕೊಟ್ಟರೆ ಮಾಡಿಸಿಕೊಡ್ತೀನಿ ಅಂದ. ಇಬ್ಬರಿಗೂ ಅಪ್ಪ ಸರಿಯಾಗಿ ಉತ್ತರ ಕೊಟ್ಟರು. ನೀವೂ ಕೊಡಿ.

ಪ್ರಗತಿಯ ಪಟ್ಟಿಯಲ್ಲಿ ತಂಗಿಯ ಹೆಸರು ಬಂದ ದಿನ ಮನೆಯಲ್ಲಿ ಹೋಳಿಗೆ ಮಾಡಿದೆವು. ದುಡ್ಡು ಬಿಡುಗಡೆ ಅಂತ ಪೋರ್ಟಲ್‌ನಲ್ಲಿ ತೋರಿಸಿತು. ಖಾತೆಯಲ್ಲಿ ಮಾತ್ರ ಇಲ್ಲ. ಬ್ಯಾಂಕಿನಲ್ಲಿ ಕೇಳಿದರೆ, "ಆಧಾರ್ ಲಿಂಕ್ ಐತಿ, ನಮ್ಮ ಕಡೆ ಏನೂ ಬಂದಿಲ್ಲ" ಅಂದರು. ಒಂದು ವಾರ ನಿದ್ದೆ ಬರಲಿಲ್ಲ. ಆಮೇಲೆ ತಿಳಿಯಿತು: ಖಾತೆಗೆ ಆಧಾರ್ ಕೊಡುವುದು ಬೇರೆ, ಸರ್ಕಾರದ ದುಡ್ಡು ಬರಲು ಬ್ಯಾಂಕುಗಳ ನಡುವೆ ದುಡ್ಡು ಸಾಗಿಸುವ ಸಂಸ್ಥೆಯಾದ ಎನ್‌ಪಿಸಿಐಯಲ್ಲಿ ಆ ಖಾತೆಯನ್ನು ಜೋಡಿಸುವುದು ಬೇರೆ. ಆಧಾರಿಗೆ ಕೊನೆಯದಾಗಿ ಯಾವ ಖಾತೆ ಜೋಡಿಸಿದೆಯೋ ದುಡ್ಡು ಅಲ್ಲಿಗೇ ಹೋಗುತ್ತದೆ. ಅರ್ಜಿಯಲ್ಲಿ ಯಾವ ಖಾತೆ ಬರೆದರೂ ಅಷ್ಟೇ. ಆಧಾರ್ ಕೊಡುವ ಯುಐಡಿಎಐ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ (ಆಧಾರಿಗೆ ಯಾವ ಖಾತೆ ಜೋಡಿಸಿದೆ ಅನ್ನುವುದು) ನೋಡಿದಾಗ, ತಂಗಿ ಪ್ರಾಥಮಿಕ ಶಾಲೆಯಲ್ಲಿದ್ದಾಗ ಊರ ಹತ್ತಿರ ತೆರೆದಿದ್ದ ಖಾತೆ ಕಾಣಿಸಿತು. ದುಡ್ಡು ಅಲ್ಲೇ ಬಂದು ಬಿದ್ದಿತ್ತು. ಖಾತೆ ಬಳಕೆಯಿಲ್ಲದೆ ನಿಂತಿತ್ತು, ಪಾಸ್‌ಬುಕ್ಕೂ ಇರಲಿಲ್ಲ. ತಂಗಿಯೇ ಹೋಗಿ ಕೆವೈಸಿ ಹೊಸದಾಗಿ ಮಾಡಿಸಿದಳು. ಹೊಸ ಫೋಟೋ, ಹೊಸ ಸಹಿ. ಕೆಲವು ದಿನ ಕಾದ ಮೇಲೆ ದುಡ್ಡು ತೆಗೆಯಲು ಬಂತು. ಅರ್ಜಿ ಹಾಕುವ ಮೊದಲೇ ಈ ಸ್ಟೇಟಸ್ ನೋಡಿ, ಎರಡು ನಿಮಿಷದ ಕೆಲಸ. ರಾಜ್ಯದ ದುಡ್ಡು ಬಂತಾ ಅಂತ ನೋಡಲು ಡಿಬಿಟಿ ಕರ್ನಾಟಕ ಅನ್ನುವ ಆ್ಯಪ್ ಕೂಡ ಇದೆ.

ಈ ವರ್ಷ ಕಾಗದಪತ್ರ, ಝೆರಾಕ್ಸ್, ಆನ್‌ಲೈನ್ ಅಂಗಡಿ, ಓಡಾಟ ಎಲ್ಲ ಸೇರಿ ಮೂರು ಸಾವಿರದ ಹತ್ತಿರ ಖರ್ಚಾಯಿತು. ಅಪ್ಪನ ಕೆಲಸ, ನನ್ನ ರಜೆ ಬೇರೆ. ಬಂದದ್ದು ಐವತ್ತು ಸಾವಿರ, ಜೊತೆಗೆ ಬ್ಯಾಂಕಿನ ಸಾಲ. ಪ್ರಗತಿ ದುಡ್ಡನ್ನು ಮುಟ್ಟದೆ ಇಟ್ಟಿದ್ದೇವೆ. ಆಗಸ್ಟ್‌ನಲ್ಲಿ ಎರಡನೇ ವರ್ಷದ ಫೀಸು ಕಟ್ಟಬೇಕು, ಈ ಸಲ ಬೋರಮಾಳ ಪೆಟ್ಟಿಗೆಯಲ್ಲೇ ಇರಲಿ ಅಂತ.

ಮುಂದಿನ ಕೆಲಸ ಈಗಲೇ ಶುರುವಾಗಿದೆ. ಪ್ರಗತಿಯನ್ನು ಪ್ರತಿ ವರ್ಷ ನವೀಕರಿಸಬೇಕು, ಅದಕ್ಕೆ ಮುಂದಿನ ವರ್ಷಕ್ಕೆ ತೇರ್ಗಡೆಯಾದ ಅಂಕಪಟ್ಟಿ ಬೇಕು. ಬ್ಯಾಂಕಿನಲ್ಲಿ ಎರಡನೇ ಕಂತಿಗೆ ಕಾಲೇಜಿನ ಫೀಸು ಪತ್ರ ಕೊಡಬೇಕು, ಬಡ್ಡಿ ಸಬ್ಸಿಡಿಯ ಅರ್ಜಿ ಮುಂದೆ ಹೋಗಿದೆಯಾ ಅಂತ ಕೇಳಬೇಕು. ಗೋವಾದ ಕಾಕಾ ಹಬ್ಬಕ್ಕೆ ಬರುತ್ತಾರಂತೆ. ಅತ್ತೆಗೂ ಹೇಳಿದ್ದೇವೆ. ಆ ವಾರವೇ ವಾರಸಾ ಅರ್ಜಿಗೆ ಎಲ್ಲರ ಸಹಿ ಹಾಕಿಸುತ್ತೇವೆ.